ಎತ್ತಿಗೆ ರಜ, ನನಗೆ ಕ್ರಾಸ್ ಟ್ರೈನಿಂಗ್

ಹೋದ ವರ್ಷ ನಮ್ಮ ಇಲಾಖೆಯ ನೌಕರರ ಸಂಘದವರು ಹಾಸನದಲ್ಲಿ ಏರ್ಪಡಿಸಿದ್ದ ಹತ್ತು ಕಿಲೋಮೀಟರ್ ಓಟದಲ್ಲಿ ನಾನೂ ಭಾಗವಹಿಸಿದ್ದೆ. ಭಾಗವಹಿಸಿದ್ದಕ್ಕೆ ಸಾಕ್ಷಿ ಮಾತ್ರ ಬಹಳ ಕಡಿಮೆ. ಕ್ರೀಡಾಂಗಣದಿಂದ ಹೊರಟು, ವರ್ಷಗಳಿಂದ ವಿಮಾನ ನಿಲ್ದಾಣ ಆಗುತ್ತಲೇ ಇರುವ ಬೂವನಹಳ್ಳಿ ಕಡೆ ಐದು ಕಿಲೋಮೀಟರ್ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ನಾನು ಹೋದೆ. ವಾಪಸ್ಸೂ ಬಂದೆ. ಬಂದು ನೋಡಿದರೆ ಮುಗಿಯುವ ಗೆರೆಯೇ ಇಲ್ಲ. ಶಾಮಿಯಾನ ಮಡಿಸಿಕೊಂಡು ಟೆಂಪೋದೊಳಗೆ ಕೂತಿತ್ತು. ಕುರ್ಚಿಗಳು ಒಂದರ ಮೇಲೊಂದು ಹತ್ತಿದ್ದವು. ಬಹುಮಾನ ವಿತರಣೆ ಮುಗಿದು, ವಂದನಾರ್ಪಣೆ ಮುಗಿದು, ಪಲಾವಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿದ್ದರು. ಕಾಗದದ ಲೋಟ ಗುಡಿಸುತ್ತಿದ್ದವನೊಬ್ಬ ಪೊರಕೆ ನಿಲ್ಲಿಸಿ, "ಯಾರನ್ ನೋಡ್ಬೇಕಿತ್ತು ಮೇಡಂ?" ಎಂದು ವಿನಯದಿಂದ ಕೇಳಿದ.

ನನ್ನ ಎದೆಯ ಮೇಲೆ ಇಷ್ಟು ದೊಡ್ಡ ನಂಬರು ಚೀಟಿ ಇತ್ತು. ಮುಖ ಟೊಮೇಟೊ ಹಣ್ಣಾಗಿತ್ತು. ಆದರೂ ಆತನಿಗೆ ನಾನು ಓಡಿ ಬಂದವಳು ಎಂಬ ಅನುಮಾನ ಕೂಡ ಬರಲಿಲ್ಲ.

ಮೆಟ್ಟಿಲ ಮೇಲೆ ನನ್ನ ಕೈಚೀಲ ಹಿಡಿದು ಕೂತಿದ್ದವರು ನಮ್ಮೆಜಮಾನರು ನಾಗರಾಜು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಾತು ಕಡಿಮೆ. ಆಡಿದರೆ ಮಾತ್ರ ನಾಟುವ ಹಾಗೆ ಆಡುತ್ತಾರೆ. "ಬೂವನಹಳ್ಳಿಗೆ ವಿಮಾನ ಬರೋದು ಮುಂಚೆನೋ, ನೀನು ಬೂವನಹಳ್ಳಿಯಿಂದ ಬರೋದು ಮುಂಚೆನೋ ಅಂತ ಯೋಚನೆ ಮಾಡ್ತಾ ಕೂತಿದ್ದೆ ಪ್ರಭಾ" ಎಂದರು.

ನಗಬೇಕಾಗಿತ್ತು. ನಗು ಬರಲಿಲ್ಲ. ಬಸ್ಸಿನಲ್ಲಿ ನಾವಿರುವ ಹೊಳೆನರಸೀಪುರ ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತು, ಸುಮ್ಮನೆ ಕಣ್ಣು ಒರೆಸಿಕೊಂಡೆ. ನಲವತ್ತಾರು ವರ್ಷದ ಹೆಂಗಸು ಹತ್ತು ಕಿಲೋಮೀಟರ್ ಕಾಲು ಹಾಕಿ ಬಂದರೆ, ದಾಟುವುದಕ್ಕೆ ಒಂದು ಗೆರೆಯಾದರೂ ಬೇಡವೇ? ನನಗೆ ಬಹುಮಾನ ಬೇಡ, ಹಾರ ಬೇಡ, ಪಲಾವ್ ಕೂಡ ಬೇಡ. ಮುಂದಿನ ವರ್ಷ ಶಾಮಿಯಾನ ಬಿಚ್ಚುವ ಮುಂಚೆ, ಗೆರೆ ನೆಲದ ಮೇಲೆ ಇರುವಾಗಲೇ, ನನ್ನ ಎರಡು ಕಾಲಿನಲ್ಲಿ ಅದನ್ನು ದಾಟಬೇಕು. ಇಷ್ಟೇ ನನ್ನ ಆಸೆ ಎಂದು ಮನಸ್ಸಿನಲ್ಲೇ ಠರಾವು ಮಾಡಿದೆ.

ನಾನು ಸರ್ಕಾರಿ ಕಚೇರಿಯಲ್ಲಿ ಟಪಾಲು ವಿಭಾಗದ ಗುಮಾಸ್ತೆ. ಠರಾವು ಆದ ಮೇಲೆ ಅನುಷ್ಠಾನ ಆಗಲೇಬೇಕು. ಈ ವರ್ಷದ ಓಟ ದಸರಾ ರಜೆಗೆ ಮುಂಚಿನ ಭಾನುವಾರ ಎಂದು ಸುತ್ತೋಲೆ ಬಂತು. ಆವತ್ತೇ ಹಳದಿ ಬಣ್ಣದ ಷೂ ಕೊಂಡೆ. ಬೆಳಿಗ್ಗೆ ಎದ್ದು ಮನೆಯಿಂದ ಹೇಮಾವತಿ ಸೇತುವೆ ದಾಟಿ ಒಂದು ಗೊತ್ತಾದ ಹುಣಸೆಮರ ಮುಟ್ಟಿ ವಾಪಸ್ ಬರುವುದು ಅಭ್ಯಾಸ. ಮೊದಲ ವಾರ ನಲವತ್ತು ನಿಮಿಷ ಹಿಡಿಯಿತು. ನಾಲ್ಕು ವಾರ ಕಳೆದರೂ ನಲವತ್ತೇ. ಹುಣಸೆಮರವೂ ಕದಲಲಿಲ್ಲ, ನನ್ನ ಸಮಯವೂ ಕದಲಲಿಲ್ಲ.

ಆಗ ಫೋನಿನಲ್ಲಿ ಒಬ್ಬ ತರಬೇತುದಾರನ ವಿಡಿಯೋ ಸಿಕ್ಕಿತು. "ಬರೀ ಓಡಿದರೆ ಓಟ ಸುಧಾರಿಸುವುದಿಲ್ಲ. ಕ್ರಾಸ್ ಟ್ರೈನಿಂಗ್ ಮಾಡಿ" ಎಂದ. ಅಂದರೆ ಓಡುವುದರ ಜೊತೆಗೆ ಒಂದು ದಿನ ಸೈಕಲ್, ಒಂದು ದಿನ ಈಜು, ಒಂದು ದಿನ ಭಾರ ಎತ್ತುವುದು, ಹೀಗೆ. ಒಂದೇ ಸ್ನಾಯುವಿಗೆ ಹೊರೆ ಬೀಳುವುದಿಲ್ಲ, ಮೈಯೆಲ್ಲ ಗಟ್ಟಿಯಾಗುತ್ತದೆ. ಎಂಥ ವಿದ್ಯೆ! ನಾನು ಬೆರಗಾಗಿ ಅದನ್ನು ಮೂರು ಸಲ ನೋಡಿ, ವಾರದ ಪಟ್ಟಿಯನ್ನು ಕಾಗದದ ಮೇಲೆ ಇಳಿಸಿಕೊಂಡೆ. ಪಟ್ಟಿಯಲ್ಲಿ ಏಳು ಸಾಲು. ಅದರಲ್ಲಿ ಎರಡು ಸಾಲಿನಲ್ಲಿ 'ವಿಶ್ರಾಂತಿ' ಎಂದಿತ್ತು. ಅದು ಛಲ ಇಲ್ಲದವರಿಗೆ ಹಾಕಿರುವ ಸಾಲು ಎಂದುಕೊಂಡು ಆ ಎರಡನ್ನೂ ಹೊಡೆದುಹಾಕಿದೆ. ಇನ್ನೊಂದು ಸಣ್ಣ ತಿದ್ದುಪಡಿಯನ್ನೂ ಮಾಡಿದೆ. ಓಟದ ಬದಲಿಗೆ ಮಾಡಬೇಕಾದದ್ದನ್ನೆಲ್ಲ ಓಟದ ಜೊತೆಗೆ ಸೇರಿಸಿದೆ.

ಸೈಕಲ್ಲಿಗೆ ತೊಂದರೆ ಇರಲಿಲ್ಲ. ಮಗಳು ಹೈಸ್ಕೂಲಿನಲ್ಲಿ ತುಳಿಯುತ್ತಿದ್ದ ಸೈಕಲ್ಲು ಮೆಟ್ಟಿಲ ಕೆಳಗೆ ಇತ್ತು. ಬ್ರೇಕ್ ಇಲ್ಲ ಎನ್ನುವುದು ಸೇತುವೆಯ ಇಳಿಜಾರಿನಲ್ಲಿ ಗೊತ್ತಾಯಿತು. ಎದುರಿಗೆ ಬರುತ್ತಿದ್ದ ಕುರಿಮಂದೆ ದೊಡ್ಡ ಮನಸ್ಸು ಮಾಡಿ ಎರಡು ಪಾಲಾಗಿ ದಾರಿ ಬಿಟ್ಟಿತು.

ಈಜು ಕಷ್ಟವಾಯಿತು. ನಾಲೆಗೆ ಇಳಿಯುತ್ತೇನೆ ಎಂದಾಗ ನಾಗರಾಜು ಮೊದಲ ಬಾರಿಗೆ ದನಿ ಎತ್ತರಿಸಿ "ಬೇಡ" ಎಂದರು. ಸರಿ, ನೀರು ತಾನೇ ಅಪಾಯ, ಈಜು ಅಲ್ಲವಲ್ಲ ಎಂದು ನಡುಮನೆಯ ದಿವಾನಿನ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಗಾಳಿಯಲ್ಲೇ ಕೈಕಾಲು ಬಡಿಯತೊಡಗಿದೆ. ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತ. ಸಿಲಿಂಡರ್ ಇಳಿಸಿದವನೇ, "ಸಾ, ತಡ ಮಾಡ್ಬೇಡಿ. ನಮ್ ದೊಡ್ಡಮ್ಮುಂಗೂ ಇಂಗೇ ಸುರುವಾಗಿದ್ದು. ಆಸ್ಪತ್ರೆಗೆ ಕರ್ಕೊಂಡೋಗ್ಬುಡಿ" ಎಂದು ಇವರ ಕೈ ಹಿಡಿದುಕೊಂಡ.

ಇನ್ನು ಭಾರ ಎತ್ತುವುದು. ಅದಕ್ಕೆ ನಮ್ಮ ಊರೇ ಇತ್ತು. ಅರಕಲಗೂಡು ತಾಲ್ಲೂಕು, ರಾಮನಾಥಪುರದ ಪಕ್ಕದ ಹಳ್ಳಿ. ಅಲ್ಲಿ ಮಾವ ಇದ್ದಾರೆ, ಭಾವ ಇದ್ದಾರೆ, ಭಾವನ ಹೆಂಡತಿ ಸಾಕಮ್ಮಕ್ಕ ಇದ್ದಾಳೆ. ಹೊಗೆಸೊಪ್ಪು ಮುರಿಯುವ ಕಾಲ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಕೋಣೆಯೊಳಗೆ ಅಂತಸ್ತು ಅಂತಸ್ತಾಗಿ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡುತ್ತಾರೆ. ಶನಿವಾರ ಸಂಜೆ ಇವರನ್ನೂ ಕರೆದುಕೊಂಡು ಊರಿಗೆ ಹೋಗಿ, ಭಾನುವಾರ ಬೆಳಿಗ್ಗೆ ಹಳದಿ ಷೂ ಕಟ್ಟಿಕೊಂಡು ಬ್ಯಾರನ್ ಬಾಗಿಲಲ್ಲಿ ನಿಂತೆ. "ಅಕ್ಕಾ, ಸೊಪ್ಪು ತುಂಬೋಕೆ ನಾನೂ ಬತ್ತೀನಿ."

"ನೀನ್ಯಾಕೆ? ಆಪೀಸಲ್ಲಿ ಕೆಲಸ ತೆಗೆದಾಕ್ಬುಟ್ರಾ?" ಎಂದಳು ಸಾಕಮ್ಮಕ್ಕ.

"ಇಲ್ಲಕ್ಕ, ಓಟಕ್ಕೆ. ಮೈ ಗಟ್ಟಿಯಾಗ್ಬೇಕು."

"ಓಡೋಕೆ ಸೊಪ್ಪು ಯಾಕೆ ತುಂಬ್ಬೇಕು? ಸೊಪ್ಪು ತುಂಬೋಕೆ ನಾನೇನು ಓಡ್ತೀನಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಸೀರೆ ಎತ್ತಿ ಕಟ್ಟಿ, ಬ್ಯಾರನ್ ಒಳಗೆ ಅಡ್ಡ ಹಾಕಿದ್ದ ಗಳದ ಮೇಲೆ ಹತ್ತಿದಳು.

ಅದನ್ನು ನಾನು ಇಪ್ಪತ್ತೆರಡು ವರ್ಷದಿಂದ ಆ ಮನೆಯ ಸೊಸೆಯಾಗಿದ್ದೂ ನೋಡಿರಲಿಲ್ಲ. ಹಬ್ಬಕ್ಕೆ ಬಂದು ಉಂಡು ಹೋಗುವ ಸೊಸೆ ನಾನು. ಐವತ್ತೆರಡು ವರ್ಷದ ಸಾಕಮ್ಮಕ್ಕ ಈ ಗಳದ ಮೇಲೊಂದು ಕಾಲು, ಆ ಗಳದ ಮೇಲೊಂದು ಕಾಲು ಇಟ್ಟು, ಒಂದಾಳೆತ್ತರ, ಎರಡಾಳೆತ್ತರ ಏರುತ್ತಾ, ಕೆಳಗಿನಿಂದ ಕೊಟ್ಟ ಹಸಿ ಸೊಪ್ಪಿನ ಕಡ್ಡಿಯನ್ನು ತಲೆ ಮೇಲಕ್ಕೆ ಎತ್ತಿ ಕೂರಿಸುತ್ತಿದ್ದಳು. ಒಂದಾದ ಮೇಲೆ ಒಂದು. ಉಸಿರು ಎಳೆದದ್ದು ಕೇಳಲಿಲ್ಲ, ಕಾಲು ನಡುಗಿದ್ದು ಕಾಣಲಿಲ್ಲ. ನಡುವೆ ಭಾವನ ಜೊತೆ ಎಮ್ಮೆ ಹಿಂಡಿಯ ವಿಚಾರಕ್ಕೆ ಜಗಳವನ್ನೂ ಆಡುತ್ತಿದ್ದಳು. ನಾನು ಬಾಯಿ ತೆರೆದು ನೋಡಿದೆ. ವಿಡಿಯೋದಲ್ಲಿ ಆ ತರಬೇತುದಾರ ಏದುಸಿರು ಬಿಡುತ್ತಾ ಮಾಡಿದ್ದನ್ನೆಲ್ಲ ಇವಳು ಜಗಳದ ಜೊತೆಗೆ ಮಾಡುತ್ತಿದ್ದಳು. ನಿಜಕ್ಕೂ ಕೈ ಮುಗಿಯಬೇಕು ಎನ್ನಿಸಿತು.

ಕೈ ಮುಗಿದು ಸುಮ್ಮನಿರಬಹುದಿತ್ತು. ನಾನೂ ಹತ್ತಿದೆ. ಎರಡನೇ ಅಂತಸ್ತಿಗೆ ಹೋದ ಮೇಲೆ ಎಡಗಾಲು ಮೇಲೆ ಹೋಗಲು ಒಪ್ಪಲಿಲ್ಲ, ಬಲಗಾಲು ಕೆಳಗೆ ಬರಲು ಒಪ್ಪಲಿಲ್ಲ. ಸೊಪ್ಪಿನ ಅಂಟು ಮೆತ್ತಿ ಕೈ ಕಪ್ಪಗಾಗಿತ್ತು. ಹಸಿ ಸೊಪ್ಪಿನ ಘಾಟಿಗೆ ತಲೆ ತಿರುಗಿತು. ಭಾವ ಏಣಿ ತಂದು ಇಳಿಸಿದರು. ಹೊರಗೆ ಬಂದವಳೇ ಬೀದಿಯಲ್ಲಿ ವಾಂತಿ ಮಾಡಿಕೊಂಡೆ. ಅಭ್ಯಾಸ ಇಲ್ಲದವರಿಗೆ ಒದ್ದೆ ಸೊಪ್ಪು ಮುಟ್ಟಿದರೆ ಹಾಗಾಗುತ್ತದಂತೆ. ಆದರೆ ಎದುರು ಮನೆಯ ಅಜ್ಜಿ ನನ್ನನ್ನು ನೋಡಿ, ನಾಗರಾಜು ಅವರನ್ನು ನೋಡಿ, "ಈ ವಯಸ್ನಲ್ಲಾ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಗಣಿತದ ಮೇಷ್ಟ್ರು ಒಳಗೆ ಹೋಗಿ ಕದ ಹಾಕಿಕೊಂಡರು.

ಹೀಗೆ ಒಂದೂವರೆ ತಿಂಗಳು ನಡೆಯಿತು. ವಾರವೆಲ್ಲ ಓಟ, ಸೈಕಲ್, ದಿವಾನಿನ ಈಜು. ಭಾನುವಾರ ಸೊಪ್ಪು. ಹುಣಸೆಮರದ ಸಮಯ ನಲವತ್ತು ನಿಮಿಷದಿಂದ ನಲವತ್ತನಾಲ್ಕಾಯಿತು, ಆಮೇಲೆ ನಲವತ್ತೇಳಾಯಿತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಕಚೇರಿಯಲ್ಲಿ ಎಚ್ಚರ ಇರುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದೆ. ಉಪ್ಪು ಕಡಿಮೆಯಾಯಿತು ಎಂದು ಇವರು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟೆ.

"ಪ್ರಭಾ, ಅಭ್ಯಾಸ ಜಾಸ್ತಿ ಆದಷ್ಟೂ ನಿನ್ನ ಸಮಯ ಜಾಸ್ತಿ ಆಗ್ತಿದೆ. ಲೆಕ್ಕ ಎಲ್ಲೋ ತಪ್ಪಿದೆ" ಎಂದರು ನಾಗರಾಜು.

"ಅಂದ್ರೆ ಅಭ್ಯಾಸ ಸಾಲ್ತಿಲ್ಲ ಅಂತ" ಎಂದೆ. ಕಡತ ಮುಂದೆ ಹೋಗದಿದ್ದರೆ ಅದಕ್ಕೆ ಇನ್ನೊಂದು ಟಿಪ್ಪಣಿ ಸೇರಿಸುವುದು ನಮ್ಮ ಕಚೇರಿಯ ಪದ್ಧತಿ. ನನ್ನ ಕಾಲಿಗೂ ಅದೇ ಪದ್ಧತಿಯನ್ನು ಅನ್ವಯಿಸಿದೆ.

ಓಟಕ್ಕೆ ಆರು ದಿನ ಉಳಿದಿತ್ತು. ಸೋಮವಾರ ಇಬ್ಬರಿಗೂ ರಜ ಹಾಕಿಸಿ ಊರಿನಲ್ಲೇ ಉಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಎತ್ತುಗಳು ಮೈ ತೊಳೆಸಿಕೊಂಡು ಹೊಂಗೆಮರದ ಕೆಳಗೆ ನಿಂತು ಮೆಲುಕು ಹಾಕುತ್ತಿದ್ದವು. ಹೊಲದಲ್ಲಿ ರಾಗಿ ಪೈರು ಗೇಣುದ್ದ ಬಂದಿತ್ತು. ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ ಗೋಡೆಗೆ ಒರಗಿತ್ತು.

"ಇವತ್ತು ಕುಂಟೆ ಹೊಡೆಯಲ್ವಾ ಅಕ್ಕಾ?"

"ಸ್ವಾಮಾರ ಕಣೆ. ಬಸವಣ್ಣನ ದಿನ. ಎತ್ತಿನ ಎಗಲಿಗೆ ನೊಗ ಮುಟ್ಟಿಸ್ತಾರಾ?" ಎಂದಳು ಸಾಕಮ್ಮಕ್ಕ. "ನಾನೂ ಇವತ್ತು ಬ್ಯಾರನ್ ಕಡೆ ಓಗಲ್ಲ. ಹುರುಳಿ ಆರಿಸ್ಕಂಡು ಕೂತ್ಕತೀನಿ."

ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಸೋಮವಾರ ಎತ್ತು ಹೂಡುವುದಿಲ್ಲ ಎನ್ನುವುದು ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತು. ಆದರೆ ನಾನು ನಿಯಮವನ್ನು ಕಚೇರಿಯ ಕಣ್ಣಿನಿಂದ ಓದಿದೆ. ನಿಯಮ ಎತ್ತುಗಳಿಗೆ ಅನ್ವಯಿಸುತ್ತದೆ. ಸೊಸೆಯಂದಿರ ಬಗ್ಗೆ ಅದರಲ್ಲಿ ಉಲ್ಲೇಖವಿಲ್ಲ. ವಿಡಿಯೋದಲ್ಲಿ ಒಬ್ಬ ಓಟಗಾರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಟೈರು ಎಳೆಯುವುದನ್ನು ನೋಡಿದ್ದೆ. ಟೈರು ಎಳೆದರೆ ಟೈರಿಗೇನು ಲಾಭ? ಕುಂಟೆ ಎಳೆದರೆ ನನಗೆ ಕಾಲಿನ ಬಲ, ಹೊಲಕ್ಕೆ ಕಳೆ ನಿವಾರಣೆ. ಇಷ್ಟು ಸರಳವಾದ ವಿಚಾರ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ನನ್ನ ಬುದ್ಧಿಯ ಮೇಲೇ ಆಶ್ಚರ್ಯವಾಯಿತು.

ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡೆ. ಹಿಂದೆ ಕುಂಟೆ ಹಿಡಿಯುವುದಕ್ಕೆ ಒಬ್ಬರು ಬೇಕಿತ್ತು.

"ನಾನಾ?" ಎಂದರು ನಾಗರಾಜು.

"ಮತ್ತಿನ್ಯಾರು? ಹತ್ತು ಸಾಲು ಅಷ್ಟೇ. ಯಾರೂ ನೋಡಲ್ಲ."

ಹೊಲ ರಾಮನಾಥಪುರದ ರಸ್ತೆಗೆ ಅಂಟಿಕೊಂಡೇ ಇದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಒಂದು ಮೊಪೆಡ್ ನಿಂತಿತು. ಎರಡನೇ ಸಾಲಿಗೆ ಹಾಲಿನ ಡೈರಿಯಿಂದ ಬರುತ್ತಿದ್ದವರು ನಿಂತರು. ಮೂರನೇ ಸಾಲಿಗೆ ಬಸ್ಸೇ ನಿಧಾನವಾಯಿತು. ಮುಂದೆ ಟ್ರ್ಯಾಕ್ ಪ್ಯಾಂಟು, ಹಳದಿ ಷೂ ಹಾಕಿಕೊಂಡು ಎಳೆಯುತ್ತಿರುವ ಹೆಂಡತಿ. ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕುಂಟೆ ಅದುಮಿ ಹಿಡಿದಿರುವ ಹೈಸ್ಕೂಲ್ ಮೇಷ್ಟ್ರು. ಅದೂ ಸೋಮವಾರ.

ಮೊಪೆಡ್ಡಿನವನು ಬಹಳ ಹೊತ್ತು ನೋಡಿ, ಮರುಕದಿಂದ ಕೇಳಿದ. "ಏನ್ ಮೇಷ್ಟ್ರೇ, ಎತ್ತು ಮಾರ್ಬುಟ್ರಾ?"

ನಾಗರಾಜು ಕುಂಟೆಯನ್ನು ಇನ್ನಷ್ಟು ಅದುಮಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಅದೊಂದು ಪುಣ್ಯ. ನನಗಂತೂ ಜನ ಸೇರಿದ್ದೇ ತಡ, ಹುರುಪು ಬಂತು. ಓಟದ ದಿನ ಗೆರೆಯ ಹತ್ತಿರ ಹೀಗೇ ಜನ ನಿಂತಿರುತ್ತಾರೆ ಎಂದು ಕಲ್ಪಿಸಿಕೊಂಡು ನಾಲ್ಕನೇ ಸಾಲಿನಲ್ಲಿ ಓಡಿದೆ. ಕುಂಟೆ ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ನಾನು ಮುಂದಕ್ಕೆ, ಹಗ್ಗ ಹಿಂದಕ್ಕೆ. ಬಲಗಾಲಿನ ಮೀನಖಂಡದಲ್ಲಿ ಯಾರೋ ಕಲ್ಲು ಬೀಸಿ ಹೊಡೆದ ಹಾಗೆ ಟಪ್ ಎಂದಿತು. ರಾಗಿ ಪೈರಿನ ಮೇಲೆ ಮುಖ ಅಡಿಯಾಗಿ ಬಿದ್ದೆ.

ಯಾರೋ ಹೇಳಿ ಕಳುಹಿಸಿದರೋ ಏನೋ, ಮಾವ ದೊಣ್ಣೆ ಊರಿಕೊಂಡು ಬದುವಿನ ಮೇಲೆ ಬಂದರು. ಎಂಬತ್ತರ ಹತ್ತಿರದ ಮನುಷ್ಯ. ನನ್ನನ್ನು ನೋಡಿ, ಸೊಂಟದ ಹಗ್ಗ ನೋಡಿ, ಮೊದಲು ಮಗನ ಕಡೆ ತಿರುಗಿದರು. "ಲೇ ನಾಗ, ಅವಳಿಗಂತೂ ತಿಳೀನಿಲ್ಲ. ಇಂದೆ ಇಡ್ಕಂಡು ಓಯ್ತಿದ್ದೆಯಲ್ಲ, ನಿಂಗೇನ್ಲಾ ಬಂದಿತ್ತು?"

"ಅವಳು ಹೇಳಿದ್ಲು ಅಪ್ಪ" ಎಂದರು ನಾಗರಾಜು, ಬೆಂಚಿನ ಮೇಲೆ ನಿಲ್ಲಿಸಿದ ವಿದ್ಯಾರ್ಥಿಯ ಹಾಗೆ.

ಮಾವ ನನ್ನ ಪಕ್ಕದಲ್ಲಿ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತರು. "ನೋಡವ್ವ, ಆ ಎತ್ತುಗಳ್ನ ನೋಡು. ಆರು ದಿನ ಗೆಯ್ದು ಒಂದಿನ ನಿಂತ್ಕತವೆ. ದೇವ್ರು ದಿನ ಅಂತೀವಿ. ದೇವ್ರಿಗೇನು ಎತ್ತಿನ ಚಿಂತೆ? ನಮ್ ಅಜ್ಜದೀರು ದೇವ್ರ ಎಸ್ರು ಯೋಳಿ ಎತ್ತಿನ ಕಾಲು ಉಳಿಸಿದ್ರು ಕಣವ್ವ. ನಿಂತ ದಿನಾನೇ ಎತ್ತಿಗೆ ಕಸುವು ಸೇರೋದು."

ನಾನು ಮಣ್ಣು ಮೆತ್ತಿದ ಮುಖ ಎತ್ತಿ ಹೊಂಗೆಮರದ ಕಡೆ ನೋಡಿದೆ. ಎರಡೂ ಎತ್ತು ಕಣ್ಣು ಅರೆಮುಚ್ಚಿ, ನಿಧಾನವಾಗಿ ದವಡೆ ಆಡಿಸುತ್ತಾ ನಿಂತಿದ್ದವು. ಯಾವ ಆತುರವೂ ಇಲ್ಲ. ನಾಳೆ ಬೆಳಿಗ್ಗೆ ಇವು ಇಡೀ ಹೊಲವನ್ನು ಬೆವರದೆ ಮುಗಿಸುತ್ತವೆ. ವಿಡಿಯೋದಲ್ಲಿ ಹೇಳಿದ, ನಾನು ಪೆನ್ನಿನಿಂದ ಹೊಡೆದುಹಾಕಿದ ಆ ವಿಶ್ರಾಂತಿಯ ಸಾಲು ಈ ಮೂಕಪ್ರಾಣಿಗಳಿಗೆ ತಲೆತಲಾಂತರದಿಂದ ಸಿಗುತ್ತಿತ್ತು. ಅದನ್ನು ಕೊಟ್ಟ ಆ ಅಜ್ಜಂದಿರ ಬಗ್ಗೆ ನನಗೆ ನಿಜವಾಗಿಯೂ ಮೈ ನವಿರೆದ್ದಿತು. ಕಾಲು ನೋವಿಗೂ ಅಷ್ಟೇ ಎದ್ದಿತು.

ಮಾರನೇ ದಿನ ಹಾಸನದ ಫಿಸಿಯೋಥೆರಪಿ ಡಾಕ್ಟರಮ್ಮ ನನ್ನ ವಾರದ ಪಟ್ಟಿ ಓದಿ, "ಒಂದು ದಿನಾನೂ ರೆಸ್ಟ್ ಇಲ್ವಾ?" ಎಂದರು. "ಇಲ್ಲ ಮೇಡಂ" ಎಂದೆ, ಹಳೇ ಅಭ್ಯಾಸಬಲದಿಂದ ಸ್ವಲ್ಪ ಹೆಮ್ಮೆಯಲ್ಲೇ. ಕ್ರಾಸ್ ಟ್ರೈನಿಂಗ್ ಎಂದರೆ ಕಾಲಿಗೆ ಬಿಡುವು ಕೊಡುವ ಉಪಾಯವೇ ಹೊರತು ಇನ್ನೊಂದು ಹೊರೆ ಅಲ್ಲ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಮೀನಖಂಡದ ಸ್ನಾಯು ಹರಿದಿತ್ತು. ನಾಲ್ಕು ವಾರ ಓಡುವ ಮಾತೇ ಇಲ್ಲ. ಭಾನುವಾರಕ್ಕೆ ಉಳಿದಿದ್ದು ಐದು ದಿನ.

ಭಾನುವಾರ ಮನೆಯಲ್ಲಿ ಇರಲಾಗದೆ ಹಾಸನದ ಕ್ರೀಡಾಂಗಣಕ್ಕೆ ಹೋದೆ. ಪಟ್ಟಿ ಸುತ್ತಿದ ಕಾಲು, ಕೈಯಲ್ಲಿ ಊರುಗೋಲು, ಜೊತೆಗೆ ನಾಗರಾಜು. ಸಂಘದವರು ಪಾಪ ಎಂದು ನನಗೆ ಒಂದು ಕುರ್ಚಿ ಕೊಟ್ಟು, ಮುಗಿಯುವ ಗೆರೆಯ ಹತ್ತಿರ ರಿಬ್ಬನ್ನಿನ ಒಂದು ತುದಿ ಹಿಡಿದುಕೊಳ್ಳುವ ಕೆಲಸ ಕೊಟ್ಟರು. ಸುಣ್ಣದಲ್ಲಿ ಎಳೆದ ಬಿಳಿ ಗೆರೆ ನನ್ನ ಕಾಲಿನಿಂದ ಎರಡಡಿ ದೂರದಲ್ಲಿತ್ತು. ನಾನು ಅದನ್ನು ಮೊದಲ ಸಲ ನೋಡಿದ್ದು. ಎಷ್ಟು ಚೆನ್ನಾಗಿತ್ತು!

ಒಬ್ಬೊಬ್ಬರಾಗಿ ಬಂದರು. ಮೊದಲು ಬಂದ ಹುಡುಗಿ ಅಷ್ಟು ದೂರ ಓಡಿದವಳ ಹಾಗೇ ಇರಲಿಲ್ಲ. ನಡುವೆ ಬಂದವರು ಕೆಲವರು ನಗುತ್ತಿದ್ದರು, ಒಬ್ಬರು ಅಳುತ್ತಿದ್ದರು, ಒಬ್ಬರು ಗೆರೆ ದಾಟಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮನುಷ್ಯರು ಹೀಗೆ ಬರುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ಹೋದ ವರ್ಷ ನಾನು ಬರುವ ಹೊತ್ತಿಗೆ ಯಾರೂ ಇರಲಿಲ್ಲವಲ್ಲ.

ಬಹುಮಾನ ಮುಗಿಯಿತು. ವಂದನಾರ್ಪಣೆ ಮುಗಿಯಿತು. ಶಾಮಿಯಾನದವನು ಬಂದು ಹಗ್ಗಕ್ಕೆ ಕೈ ಹಾಕಿದ. ನಾನು ಹೆಸರಿನ ಪಟ್ಟಿ ನೋಡಿದೆ. ಚನ್ನರಾಯಪಟ್ಟಣದ ಕಚೇರಿಯ ಒಬ್ಬರು, ಭಾಗ್ಯಮ್ಮ ಅಂತ, ಇನ್ನೂ ಬಂದಿರಲಿಲ್ಲ.

"ನಿಲ್ಸಪ್ಪ. ಇನ್ನೂ ಒಬ್ರು ರೋಡಲ್ಲಿದಾರೆ" ಎಂದೆ.

"ಮಧ್ಯಾನಕ್ಕೆ ದಂಡಿಗನಹಳ್ಳಿಲಿ ನಾಮಕರಣ ಐತೆ ಮೇಡಂ. ಬಿಚ್ಲೇಬೇಕು. ಅವರು ಆಟೋ ಹತ್ಕಂಡು ಓಗಿರ್ತಾರೆ ಬುಡಿ."

ನನಗೆ ಎಲ್ಲಿತ್ತೋ ಸಿಟ್ಟು. ಕುಂಟುತ್ತಾ ಹೋಗಿ ಶಾಮಿಯಾನದ ಕಂಬವನ್ನು ತಬ್ಬಿಕೊಂಡೆ. "ಹೋದ ವರ್ಷ ಯಾರೋ ಹೀಗೇ ಅಂದಿರ್ತಾರೆ ನನ್ನ ಬಗ್ಗೆ. ನಾನು ಆಟೋ ಹತ್ತಿರಲಿಲ್ಲ ಕಣಪ್ಪ. ನಡ್ಕೊಂಡೇ ಬಂದೆ" ಎಂದೆ. ಶಾಮಿಯಾನದವನು ಇವರ ಕಡೆ ನೋಡಿದ. ನಾಗರಾಜು ಎದ್ದರು. ಅಂಗಿಯ ತೋಳು ಮಡಿಸಿದರು. ಆಚೆ ಕಡೆ ಹೋಗಿ ಇನ್ನೊಂದು ಕಂಬವನ್ನು ಹಿಡಿದು ನಿಂತರು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ಗೇಟಿನಲ್ಲಿ ಅವರು ಕಾಣಿಸಿಕೊಂಡರು. ನನ್ನಷ್ಟೇ ವಯಸ್ಸು, ನನಗಿಂತ ದಪ್ಪ, ನಡೆಯುತ್ತಿದ್ದರು. ಶಾಮಿಯಾನ ನೋಡಿದವರೇ ಕಣ್ಣು ಉಜ್ಜಿಕೊಂಡು ಓಡತೊಡಗಿದರು. ನಾನು ರಿಬ್ಬನ್ ಹಿಡಿದೆ, ಇನ್ನೊಂದು ತುದಿಯನ್ನು ಬೈದುಕೊಳ್ಳುತ್ತಲೇ ಶಾಮಿಯಾನದವನು ಹಿಡಿದ. ಭಾಗ್ಯಮ್ಮ ಅದನ್ನು ಎದೆಯಲ್ಲಿ ತಳ್ಳಿಕೊಂಡು ಗೆರೆ ದಾಟಿ ನನ್ನ ಹೆಗಲ ಮೇಲೆ ಬಿದ್ದರು. ಇಬ್ಬರೂ ಅತ್ತೆವು. ಯಾರು ಯಾಕೆ ಅಳುತ್ತಿದ್ದೇವೆ ಎಂದು ಇಬ್ಬರೂ ಕೇಳಲಿಲ್ಲ.

ಸುಧಾರಿಸಿಕೊಂಡ ಮೇಲೆ ನಾನು ಗೌರವದಿಂದ ಕೇಳಿದೆ. "ತುಂಬಾ ಅಭ್ಯಾಸ ಮಾಡಿದ್ರಾ ಮೇಡಂ?"

"ಅಯ್ಯೋ, ಎಲ್ಲಿ? ವಾರಕ್ಕೆ ಮೂರು ದಿನ ಕೆರೆ ಏರಿ ಮೇಲೆ ನಡೀತಿದ್ದೆ. ಮಿಕ್ಕ ದಿನ ರೆಸ್ಟು" ಎಂದು ನೀರು ಕುಡಿದು, ನನ್ನ ಕಾಲಿನ ಪಟ್ಟಿ ನೋಡಿ ಕನಿಕರದಿಂದ ಕೇಳಿದರು. "ನೀವು ಎಷ್ಟನೆಯವರಾಗಿ ಬಂದ್ರಿ?"

ಹೋದ ವರ್ಷ ನಾನು ಕೊನೆಯವಳು. ಈ ವರ್ಷ ಕೊನೆಯವರಿಗಿಂತ ಹಿಂದೆ.

ಬುಧವಾರ ಕಚೇರಿಗೆ ಜಿಲ್ಲಾ ಸಂಘದಿಂದ ಒಂದು ಪತ್ರ ಬಂತು. ಟಪಾಲು ವಿಭಾಗ ನನ್ನದೇ ಆದ್ದರಿಂದ ನಾನೇ ಒಡೆದು, ನಾನೇ ಮೊಹರು ಒತ್ತಿ, ನಾನೇ ವಹಿಯಲ್ಲಿ ದಾಖಲಿಸಿದೆ. ಹೆಸರು ನೋಂದಾಯಿಸಿಯೂ ಓಟಕ್ಕೆ ಗೈರುಹಾಜರಾದ ನೌಕರರು ಕಾರಣ ತಿಳಿಸಬೇಕು ಎಂದಿತ್ತು. ಕೆಳಗಿನ ಪಟ್ಟಿಯಲ್ಲಿ ಒಂದೇ ಹೆಸರು. ಉತ್ತರ ಟೈಪು ಮಾಡಬೇಕಾದವಳೂ ನಾನೇ. ಬಹಳ ಹೊತ್ತು ಯೋಚಿಸಿ ಟೈಪು ಮಾಡಿದೆ: "ಮಾನ್ಯರೇ, ಸದರಿ ನೌಕರರು ಓಟಕ್ಕೆ ಅತಿಯಾಗಿ ತಯಾರಾದ ಕಾರಣ ಓಡಲು ಸಾಧ್ಯವಾಗಲಿಲ್ಲ."